ಮಣಿಕಟ್ಟಿನ ಬಿಳಿ ಪಟ್ಟೆ

ಪಕ್ಕದ ಮನೆಯ ಡಾಕ್ಟರ ಎಡ ಮಣಿಕಟ್ಟಿನಲ್ಲಿ ಬೆರಳಗಲದ ಬಿಳಿ ಪಟ್ಟೆಯಿತ್ತು. ಗಡಿಯಾರ ಬಿಚ್ಚಿಟ್ಟ ಜಾಗ. ವಿಮಾನ ಹತ್ತುವ ದಿನ ಅವರು ಆ ಗಡಿಯಾರವನ್ನು ಹ್ಯಾರೋದ ಮನೆಯಲ್ಲಿ ಅವಲಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ್ದರು.

ಧಾರವಾಡದವರು. ಮೂವತ್ತೈದು ವರ್ಷ ಇಲ್ಲಿನ ಬ್ರಿಟಿಷ್ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟವರು; ಕರೆ ಬಂದರೆ ಊಟ ಬಿಟ್ಟು ಓಡಿದವರು. ಚಹಾ ಕುಡಿಯುತ್ತಿದ್ದುದು ನಿಂತೇ. ನಿವೃತ್ತಿಯಾದ ಮೇಲೆ, ಕೂತು ಕುಡಿಯುವುದನ್ನು ಈಗ ಕಲಿಯುತ್ತಿದ್ದೇನೆ ಎಂದು ಬೇಲಿಯಾಚೆಯಿಂದ ಹೇಳುತ್ತಿದ್ದರು.

ಅವರಿಗಿದ್ದುದು ಒಂದೇ ಆಸೆ. ಕೆನಡಾದ ಹುಲ್ಲುಬಯಲಿನಲ್ಲಿ ಹದಿನೈದು ದಿನ ಡೇರೆ ಹಾಕಿಕೊಂಡು, ಗಡಿಯಾರ ನೋಡದೆ ಅಲೆಯಬೇಕು. ಎರಡು ಸಲ ಎದೆನೋವು ಬಂದಿದ್ದರಿಂದ ಮಗಳು ಒಬ್ಬರನ್ನೇ ಬಿಡಲು ಒಪ್ಪಲಿಲ್ಲ. ನನ್ನನ್ನು ಕರೆದರು.

"ಟೈಮ್ ಎಷ್ಟಾತು ಅಂತ ಮಾತ್ರ ಕೇಳಬಾರದು ನೋಡ್ರಿ, ರಾಯರ. ಇಷ್ಟ ನನ್ನ ಕರಾರು."

ಒಪ್ಪಿದೆ. ಆದರೆ ನಾನು ಮೈಸೂರಿನ ಹಾಸ್ಟೆಲ್ ಗಂಟೆಗೆ ಎದ್ದು ಬೆಳೆದವನು. ಈಗಲೂ ಐದಕ್ಕೆ ಸ್ನಾನ, ಏಳಕ್ಕೆ ತಿಂಡಿ. ಅದೇ ವಾರ ಹದಿನೈದು ದಿನಕ್ಕೂ ವೇಳಾಪಟ್ಟಿ ಬರೆದು, ಡೇರೆಯ ಜಾಗಗಳನ್ನೆಲ್ಲ ಮೊದಲೇ ಗೊತ್ತುಮಾಡಿ, ಪಟ್ಟಿಗೆ ಪ್ಲಾಸ್ಟಿಕ್ ಹೊದಿಸಿದೆ. ಪ್ರವಾಸದ ಎರಡನೆಯ ದಿನ ಅದು ಬಾಡಿಗೆ ಕಾರಿನ ಗಾಜಿನ ಕೆಳಗೆ ಬಂದು ಕೂತಿತು. ಡಾಕ್ಟರು ಓದಿ ನನ್ನ ಹೊಟ್ಟೆಯತ್ತ ನೋಡಿದರು.

"ಒಳಗೂ ಒಂದು ಗಡಿಯಾರ ಕೂಡಿಸ್ಯಾರೇನ್ರಿ ನಿಮಗ?"

ನಾನೂ ನಕ್ಕೆ. ಪಟ್ಟಿ ತೆಗೆಯಲಿಲ್ಲ. ಕಾಳು ತುಂಬುತ್ತಿದ್ದ ಹಳೆಯ ಮರದ ಗೋಪುರಕ್ಕೆ ನಲವತ್ತು ನಿಮಿಷ, ಮೊದಲ ವಲಸೆಗಾರರು ಹುಲ್ಲುಹೆಂಟೆಯಿಂದ ಕಟ್ಟಿದ ಮನೆಗೆ ಇಪ್ಪತ್ತು. ಅವರು ತಕರಾರು ಮಾಡಲಿಲ್ಲ.

ಒಂಬತ್ತನೆಯ ದಿನ ಬಯಲಿನ ನಡುವೆ ಒಂಟಿ ಬಂಡೆ ಸಿಕ್ಕಿತು. ಕಾಡೆಮ್ಮೆಗಳು ತಲೆತಲಾಂತರದಿಂದ ಮೈ ಉಜ್ಜಿ ಅದರ ಅಂಚುಗಳೆಲ್ಲ ನುಣುಪಾಗಿದ್ದವು. ಡಾಕ್ಟರು ಶೂ ಬಿಚ್ಚಿ ಅದಕ್ಕೆ ಬೆನ್ನೊರಗಿಸಿ ಕೂತರು. ಸಂಜೆ ಹಿಂಡು ಈ ಕಡೆ ಬಂದರೂ ಬರಬಹುದು, ದೂರದ ದಿಬ್ಬದಿಂದ ನೋಡಿ ಎಂದು ಅಲ್ಲಿನ ಕಾವಲಿನಾಕೆ ಹೇಳಿದ್ದಳು. ಆಗ ಮೂರೂಕಾಲು. ಮುಂದಿನ ಡೇರೆಯ ಜಾಗವನ್ನು ಆರಕ್ಕೆ ಮುಟ್ಟಬೇಕಿತ್ತು.

"ಇವತ್ತ ಇಲ್ಲೇ ಇರೋಣ್ರಿ. ಅವು ಬರಲಿ, ಬಿಡಲಿ. ಸುಮ್ನ ಕೂಡ್ತೀನಿ."

"ಬುಕ್ ಆಗಿದೆ ಡಾಕ್ಟ್ರೇ. ಇನ್ನೊಂದ್ಸಲ ಬಂದ್ರಾಯ್ತು."

ನಾನು ಕಾರಿನ ಕೀಲಿ ಹಿಡಿದು ನಿಂತೆ. ಅವರು ಶೂ ಹಾಕಿಕೊಂಡರು. ಆರಕ್ಕೆ ಹತ್ತು ನಿಮಿಷ ಮೊದಲೇ ತಲುಪಿದೆವು. ಆ ಇಡೀ ಮೈದಾನದಲ್ಲಿ ನಮ್ಮದು ಬಿಟ್ಟರೆ ಬೇರೆ ಡೇರೆಯೇ ಇರಲಿಲ್ಲ.

ಹ್ಯಾರೋಗೆ ಮರಳಿದ ದಿನವೇ ಅವರು ಗಡಿಯಾರ ಕಟ್ಟಿಕೊಂಡರು. ಚಹಾ ಮತ್ತೆ ನಿಂತೇ ಕುಡಿಯತೊಡಗಿದರು. ಫೆಬ್ರವರಿಯಲ್ಲಿ ಎದೆನೋವು ಮೂರನೆಯ ಸಲ ಬಂತು. ಹೋದರು.

ನಮ್ಮ ಚಿತಾಗಾರದಲ್ಲಿ ಒಬ್ಬೊಬ್ಬರಿಗೆ ನಲವತ್ತು ನಿಮಿಷ. ಏರ್ಪಾಟನ್ನೆಲ್ಲ ಮಗಳು ನನಗೇ ಒಪ್ಪಿಸಿದಳು. ಮಂತ್ರಕ್ಕೆ ಇಷ್ಟು, ಮಾತಿಗೆ ಇಷ್ಟು ಎಂದು ಪಟ್ಟಿ ಬರೆದೆ. ಕೊನೆಗೆ ಅವಳು ತಂದೆಯ ಕೈ ಹಿಡಿದು ನಿಂತಳು. ಗಡಿಯಾರ ಬಿಚ್ಚಿದ್ದರು, ಬಿಳಿ ಪಟ್ಟೆ ಹಾಗೇ ಇತ್ತು. ಮುಂದಿನವರ ಕಾರುಗಳು ಹೊರಗೆ ಬಂದು ನಿಂತಿದ್ದವು. ನಾನು ಅವಳ ಭುಜ ಮುಟ್ಟಿದೆ. ಕೈ ಬಿಟ್ಟಳು.

"ಥ್ಯಾಂಕ್ಯೂ ಅಂಕಲ್," ಎಂದಳು ಆಚೆ ಬಂದ ಮೇಲೆ, "ಎಲ್ಲಾ ಕರೆಕ್ಟ್ ಟೈಮಿಗೆ ಆಯ್ತು."

ನಮ್ಮ ನಲವತ್ತರಲ್ಲಿ ಇನ್ನೂ ನಾಲ್ಕು ನಿಮಿಷ ಉಳಿದಿತ್ತು.