ಮೀರ್ ಸಾಬರ ಸಾಕ್ಷಿ ದೀಪ

ನಮ್ಮ ರತ್ನನಿಗೆ ಹೆಣ್ಣು ಮಗು ಆಯಿತು. ಮೊನ್ನೆ ಶುಕ್ರವಾರ ಬೆಳಿಗ್ಗೆ, ಹಾಲು ಕರೆಯೋ ಹೊತ್ತಿಗೆ, ನಮ್ಮ ಮನೆಯಲ್ಲೇ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನಾನು ತಾತ ಆದೆ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಿಂದ ರೇಷ್ಮೆಗೂಡಿನ ಮಾರುಕಟ್ಟೆಯವರೆಗೂ ಎದುರಿಗೆ ಸಿಕ್ಕಿದವರಿಗೆಲ್ಲ ಬೆಲ್ಲ ಹಂಚಿದೆ. ಗುರುತೇ ಇಲ್ಲದ ಒಬ್ಬರು ಎರಡು ಸಲ ಇಸ್ಕೊಂಡ್ರು, ಇಸ್ಕೊಳ್ಳಲಿ. ಹಾಗೇ ಹಂಚುತ್ತಾ ಹೋಗಿ ಚಿಂತಾಮಣಿ ರಸ್ತೆಯ ಮೋಟಾರು ರಿಪೇರಿಯ ತಗಡಿನ ಶೆಡ್ಡಿನ ಮುಂದೆ ನಿಂತೆ. ಬೀಗ ಹಾಕಿತ್ತು. ಅಲ್ಲಿನ ಮೆಕ್ಯಾನಿಕ್ಕು ಮೀರ್ ಸಾಬರು ತೀರಿಹೋಗಿ ಎಂಟು ತಿಂಗಳಾಯಿತು ಅನ್ನೋದು ಆಮೇಲೆ ನೆನಪಾಯಿತು. ಈ ಮಗು ಹುಟ್ಟಿದ್ದರಲ್ಲಿ ಅವರದೂ ಒಂದು ಪಾಲಿದೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪು ಒಪ್ಪು ನೋಡದೆ ಬರೀತೀನಿ.

ಬೇರೆಯವರು ಜೇಬಿನಿಂದ ಎಲೆ ಅಡಿಕೆ ಚೀಲ ತೆಗೆದ ಹಾಗೆ ಮೀರ್ ಸಾಬರು ಜೇಬಿನಿಂದ ಒಂದು ಪುಟ್ಟ ಬಲ್ಬು ತೆಗೆಯುತ್ತಿದ್ದರು. ಅದಕ್ಕೆ ಎರಡು ವೈರು. ಒಂದನ್ನು ಗಾಡಿಯ ಕಬ್ಬಿಣಕ್ಕೆ ಸಿಕ್ಕಿಸಿ, ಇನ್ನೊಂದನ್ನು ಅನುಮಾನ ಇದ್ದ ಕಡೆ ಮುಟ್ಟಿಸಿದರೆ, ಕರೆಂಟು ಅಲ್ಲಿಯವರೆಗೆ ಬಂದಿದ್ದರೆ ಬಲ್ಬು ಉರಿಯುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ಸಾಕ್ಷಿ. ಗಾಡಿ ತಂದವರು ಡೈನಮೋ ಹೋಗಿದೆ, ಮೋಟ್ರು ಸುಟ್ಟಿದೆ ಅಂತ ತಾವೇ ತೀರ್ಪು ಹೇಳೋಕೆ ಶುರು ಮಾಡಿದರೆ ಕೈ ಎತ್ತಿ ತಡೆಯೋರು. "ನೀವು ಹೇಳ್ಬ್ಯಾಡಿ, ನಾನೂ ಹೇಳಲ್ಲ. ಸಾಕ್ಷೀನ ಕೇಳಣ."

ಗೌರಿಬಿದನೂರಿನ ಕಡೆ ಅಲೀಪುರದಿಂದ ಬಂದವರು. ಉದ್ದ ಮೂಗು, ಕುತ್ತಿಗೆಗೆ ಮಫ್ಲರು, ಬೇಸಿಗೆಯಲ್ಲೂ ಅದು ಇಳಿಯುತ್ತಿರಲಿಲ್ಲ. ಊರಿನ ಒಬ್ಬ ಡಾಕ್ಟರು ಬರೀ ಕೈ ಹಿಡಿದು ನೋಡಿ ಔಷಧಿ ಬರೆದುಕೊಟ್ಟರು ಅಂತ ಜ್ವರ ಹೊತ್ತುಕೊಂಡೇ ಎದ್ದು ಬಂದು, ಬಾಯಿಗೆ ಗಾಜಿನ ಕಡ್ಡಿ ಇಟ್ಟು ನೋಡೋ ಇನ್ನೊಬ್ಬರ ಹತ್ತಿರ ಹೋದ ಮನುಷ್ಯ. "ಆತ ಸಾಕ್ಷಿ ಇಟ್ಕೊಂಡವ್ನೆ" ಅಂತ ಆ ಎರಡನೇ ಡಾಕ್ಟರನ್ನು ಊರೆಲ್ಲ ಹೊಗಳಿಕೊಂಡು ತಿರುಗಿದರು.

ಒಂದು ಸಲ ಸಂತೆಯ ದಿವಸ ಒಂದು ಲಾರಿ ಸ್ಟಾರ್ಟ್ ಆಗಲಿಲ್ಲ. ಹತ್ತು ಹದಿನೈದು ಜನ ಸೇರಿ ಎರಡು ಫರ್ಲಾಂಗು ತಳ್ಳಿಕೊಂಡು ಶೆಡ್ಡಿಗೆ ತಂದರು, ಬೆವರು ಕಿತ್ತುಬಂದಿತ್ತು. ಮೀರ್ ಸಾಬರು ಹತ್ತಿ ಕೂತರು, ಕೆಳಗೆ ನೋಡಿದರು, ಸುಮ್ಮನೆ ಇಳಿದರು. ಎಲ್ಲರಿಗೂ ಟೀ ಕುಡಿದು ಬನ್ನಿ ಅಂದು ಆಚೆ ಕಳಿಸಿ, ಆಮೇಲೆ ಡ್ರೈವರಿನ ಕಿವಿಯಲ್ಲಿ ಏನೋ ಹೇಳಿದರು. ಆತ ಕೀಲಿ ತಿರುಗಿಸೋದನ್ನೇ ಮರೆತಿದ್ದ. ತಳ್ಳಿದವರಿಗೆ ಇವತ್ತಿಗೂ ಅದು ಗೊತ್ತಿಲ್ಲ.

ನನ್ನ ಕಥೆ ಅಷ್ಟು ಸುಲಭದ್ದಲ್ಲ.

ನಾನು ದೊಡ್ಡಮುನೇಗೌಡರ ಕಾರಿನ ಡ್ರೈವರು. ಚಿನ್ನದ ಗಣಿಯ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಮಾರಿದ ಕಾರು ಅದು. ಮುಂದಿನ ಸೀಟಿನವರ ಕಾಲ ಹತ್ತಿರ ಒಂದು ದುಂಡನೆ ಡಬ್ಬಿ, ಒಳಗೆ ಫ್ಯಾನು. ಚಳಿದೇಶದವರು ಬಿಸಿಗಾಳಿಗೆ ಇಟ್ಟುಕೊಂಡಿದ್ದು. ಗೌಡರು ಬಿಸಿನೀರಿನ ಪೈಪು ಕೀಳಿಸಿ ಬರೀ ಗಾಳಿ ಉಳಿಸಿಕೊಂಡಿದ್ದರು. ಅದನ್ನು ಬ್ಲೋವರು ಅನ್ನಬೇಕು ಅಂತ ಅವರ ಅಪ್ಪಣೆ. ಚಪ್ಪಲಿ ಬಿಟ್ಟು ಗಾಳಿಗೆ ಪಾದ ಒಡ್ಡಿ ಚಿಕ್ಕಬಳ್ಳಾಪುರದವರೆಗೂ ಕಣ್ಣು ಮುಚ್ಚಿಕೊಂಡು ಹೋಗೋರು. ಅವರ ಕಟ್ಟಪ್ಪಣೆ ಇನ್ನೊಂದಿತ್ತು: ರೇಷ್ಮೆಗೂಡು ಕಾರಿನೊಳಕ್ಕೆ ಬರಕೂಡದು. ಗೂಡು ಹೊರೋಕೆ ಎತ್ತಿನಗಾಡಿ ಇಲ್ಲವಾ ಅನ್ನೋರು.

ಕೆಲವು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ರತ್ನನಿಗೆ ಗೌರಿಬಿದನೂರಿನ ಸಂಬಂಧ ಗಟ್ಟಿಯಾಗಿತ್ತು. ಹುಡುಗಿಯ ಅಪ್ಪ ಗೌಡರ ಮನೆ ಡ್ರೈವರು, ಖಾಯಂ ಕೆಲಸ, ಅನ್ನೋ ಒಂದೇ ಮಾತಿಗೆ ಬೀಗರು ಒಪ್ಪಿದ್ದರು. ಅದೇ ತಿಂಗಳು, ಗೌಡರ ತಾಯಿಯನ್ನು ಚಿಂತಾಮಣಿಗೆ ಬಿಟ್ಟು ಖಾಲಿ ಬರುವಾಗ, ಅಂಬಾಜಿದುರ್ಗದ ಕೆಳಗೆ ನನ್ನ ಬಾಮೈದ ಎತ್ತಿನಗಾಡಿಯ ಅಚ್ಚು ಮುರಿದುಕೊಂಡು ರಸ್ತೇಲಿ ಕೂತಿದ್ದ. ಎರಡು ಬಿದಿರಿನ ಮಂಕರಿ ತುಂಬ ಹಳದಿ ಗೂಡು, ಬಿಸಿಲಲ್ಲಿ. ಇನ್ನೊಂದು ಗಂಟೆ ಬಿಟ್ಟರೆ ಬೆಂದುಹೋಗುತ್ತಿತ್ತು. ಹತ್ತಿಸಿಕೊಂಡೆ. ಸಾಲದು ಅಂತ, ಗೂಡಿಗೆ ಸೆಕೆ ಆಗದಿರಲಿ ಅಂತ ಬ್ಲೋವರ್ ಹಾಕಿ ಗಾಳಿ ಬೀಸಿಕೊಂಡು ಬಂದೆ. ಗೌಡರ ಪಾದಕ್ಕೂ ಅಂಥ ಮರ್ಯಾದೆ ಮಾಡಿರಲಿಲ್ಲ ನಾನು.

ಮಾರನೇ ದಿನ ಸ್ವಿಚ್ಚು ಹಾಕಿದರೆ ಬ್ಲೋವರು ಉಸಿರೇ ಎತ್ತಲಿಲ್ಲ.

ಗೌಡರು ನನ್ನ ಮುಖ ನೋಡಿದರು. ಬೆಂಗಳೂರಿನ ನೆಂಟರು ಬರೋ ವಾರ, ಗಾಳಿ ಬರೋ ಕಾರು ಅಂತ ಕಾಗದ ಬೇರೆ ಬರೆದಿದ್ದಾರೆ. ನಡಿ ಮೀರ್ ಸಾಬನ ಹತ್ತಿರ, ನೀನು ಕೆಡಿಸಿದ್ದು ಅಂತ ಗೊತ್ತಾದರೆ ಕೀಲಿ ಕೊಟ್ಟು ಮನೆಗೆ ಹೋಗ್ತಾ ಇರು ಅಂದರು. ತಾವೂ ಜೊತೆಗೆ ಬಂದು ಶೆಡ್ಡಿನ ಸ್ಟೂಲಿನ ಮೇಲೆ ಕೂತರು.

ಮೋಟ್ರು ಸುಟ್ಟಿದೆ ಅಂತ ಗೌಡರು ಹೇಳುತ್ತಲೇ ಇದ್ದರು, ಮೀರ್ ಸಾಬರ ಕೈ ಮೇಲೆದ್ದಿತು. ಸಾಕ್ಷಿ ಹೊರಬಂತು. ಫ್ಯೂಸಿನ ಈಚೆ ಮುಟ್ಟಿಸಿದರೆ ಉರಿಯಿತು, ಆಚೆ ಮುಟ್ಟಿಸಿದರೆ ಇಲ್ಲ. ಫ್ಯೂಸು ಹೋಗಿತ್ತು. ಇಷ್ಟೇನಾ ಅಂತ ನನಗೆ ಜೀವ ಬಂತು. ಹೊಸದು ಹಾಕಿದರು, ಸ್ವಿಚ್ಚು ಒತ್ತಿದರು. ಅದೂ ಹೋಯಿತು.

ಗೌಡರು ಅವಸರ ಮಾಡಿದರು, ದಪ್ಪ ತಂತಿ ಹಾಕು, ತಡ್ಕೊಳ್ಳುತ್ತೆ ಅಂದರು.

"ಫ್ಯೂಸು ಕಾಯಿಲೆ ಅಲ್ಲ ಗೌಡ್ರೇ, ಕಾಯಿಲೆ ಇದೆ ಅಂತ ಹೇಳೋನು," ಅಂದರು ಮೀರ್ ಸಾಬರು. "ಹೇಳೋನ ಬಾಯಿ ಮುಚ್ಚಿಸಿದ್ರೆ ವೈರು ಬೆಂಕಿ ಹತ್ಕೊಳ್ತದೆ."

ಡಬ್ಬಿ ಬಿಚ್ಚಿದರು. ಫ್ಯಾನಿನ ರೆಕ್ಕೆ ಬೆರಳಲ್ಲಿ ತಿರುವಿದರೆ ಅಲ್ಲಾಡಲಿಲ್ಲ. ಬಗ್ಗಿ ನೋಡಿದರು, ಬಹಳ ಹೊತ್ತು. ಫ್ಯಾನಿನ ಕಂಬಿಗೆ ಏನೋ ಬಿಗಿಯಾಗಿ ಸುತ್ತಿಕೊಂಡಿತ್ತು. ದಬ್ಬಳದಲ್ಲಿ ಎಬ್ಬಿಸಿ ಮೆಲ್ಲಗೆ ಎಳೆದರು. ಬಂತು ನೋಡಿ, ಮಿರಿಮಿರಿ ಮಿಂಚುತ್ತಾ, ಹಳದಿ ರೇಷ್ಮೆ. ಗೂಡಿನ ಮೇಲಿನ ಹಗುರ ಎಳೆಯನ್ನೆಲ್ಲ ಆ ಬ್ಲೋವರು ಒಳಕ್ಕೆ ಎಳೆದುಕೊಂಡು, ನಮ್ಮ ಊರಿನ ರಾಟೆಯವರ ಹಾಗೆ ನೂಲು ಸುತ್ತಿ ಕೂತಿತ್ತು.

 ರತ್ನನ ಮದುವೆ ಕಣ್ಣ ಮುಂದೆಯೇ ಬಿಚ್ಚಿಕೊಂಡು ಹೋದಂತೆ ಆಯಿತು. ಆದರೂ ಆ ಮನುಷ್ಯನ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ.

"ನನ್ನದೇ ಧಣಿ. ಬಾಮೈದನ ಗೂಡು," ಅಂದೆ.

ಗೌಡರು ಕೈ ಚಾಚಿದರು. ಕೀಲಿ ಕೊಟ್ಟೆ.

ಮೀರ್ ಸಾಬರು ತಲೆ ಎತ್ತಲೇ ಇಲ್ಲ. "ನಿಲ್ಲಪ್ಪ ನಾರಾಯಣಪ್ಪ, ಇನ್ನೂ ಮುಗಿದಿಲ್ಲ," ಅಂದರು. ಹಳದಿ ಎಳೆ ಮುಗಿದ ಮೇಲೆ ಅದರ ಕೆಳಗಿನಿಂದ ಇನ್ನೊಂದು ಸುತ್ತು ಬರತೊಡಗಿತು. ಅದು ಹಾಲಿನಂಥ ಬಿಳಿ. ಬರುತ್ತಲೇ ಇತ್ತು, ಹಳದಿಯ ಎರಡರಷ್ಟು. ಎರಡನ್ನೂ ಬಾನೆಟ್ಟಿನ ಮೇಲೆ ಅಕ್ಕಪಕ್ಕ ಇಟ್ಟರು.

ಬಿಳಿ ಗೂಡು ನಮ್ಮ ಸೀಮೆಯಲ್ಲಿ ಆಗ ಬೆಳೆಯುತ್ತಿದ್ದದ್ದು ಒಂದೇ ಮನೆ. ಆ ಮಾತನ್ನು ಮದುವೆ, ತಿಥಿ ಎಲ್ಲ ಕಡೆ ಹೇಳಿಕೊಂಡು ತಿರುಗುತ್ತಿದ್ದವರು ಸ್ಟೂಲಿನ ಮೇಲೆ ಕೂತಿದ್ದರು. ನಾನು ರತ್ನನ ನಿಶ್ಚಿತಾರ್ಥಕ್ಕೆ ರಜಾ ಹಾಕಿದ್ದಾಗ ತಾವೇ ಕಾರು ಓಡಿಸಿಕೊಂಡು, ಗೂಡು ತೋರಿಸೋಕೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದರಂತೆ. ಬ್ಲೋವರ್ ಹಾಕಿಕೊಂಡು, ಮಂಕರಿ ಪಕ್ಕದ ಸೀಟಿನಲ್ಲೇ ಇಟ್ಟುಕೊಂಡು.

ಗೌಡರು ಕೆಮ್ಮಿದರು. ಇದು ಯಾವ ಊರಿನ ಗೂಡು ಸಾಬ್ರೇ ಅಂದರು.

"ಅದು ನಂಗೆ ಗೊತ್ತಿಲ್ಲ. ಒಳಗಿಂದು ಮೊದಲು ಸುತ್ತಿದ್ದು, ಹೊರಗಿಂದು ಆಮೇಲೆ. ಅಷ್ಟೇ ನಾನು ಹೇಳ್ಬಲ್ಲೆ."

ಕಂಬಿ ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಹೊಸ ಫ್ಯೂಸು ಹಾಕಿದರು. ಬ್ಲೋವರು ಗುಂಯ್ ಅಂತ ತಿರುಗಿತು. ಬಾನೆಟ್ಟಿನ ಮೇಲಿದ್ದದ್ದನ್ನು ಯಾರೂ ಮುಟ್ಟಲಿಲ್ಲ. ಗೌಡರು ಎದ್ದು, ಕೀಲಿಯನ್ನು ನನ್ನ ಅಂಗಿಯ ಜೇಬಿಗೆ ತಾವೇ ಹಾಕಿ, ಹೊತ್ತಾಯ್ತು ನಡಿ ಅಂದರು. ಅರ್ಧ ದಾರಿಗೆ ಚಪ್ಪಲಿ ಬಿಟ್ಟು ಗಾಳಿಗೆ ಪಾದ ಒಡ್ಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡೇ, "ನಿನ್ನ ಬಾಮೈದನ ಗೂಡು ಗಟ್ಟಿ ಕಣೋ. ಅಷ್ಟು ಸುತ್ತಿದ್ರೂ ಎಳೆ ಕಿತ್ತಿಲ್ಲ," ಅಂದರು.

ಮದುವೆ ಆಯಿತು. ಮೀರ್ ಸಾಬರು ಬಂದು, ಚಪ್ಪರದ ದೀಪ ಒಂದು ಉರಿಯದೆ ಇದ್ದದ್ದಕ್ಕೆ ಊಟ ಬಿಟ್ಟು ಸಾಕ್ಷಿ ಹಿಡಿದುಕೊಂಡು ಕಂಬ ಕಂಬ ಸುತ್ತಿದರು. ಮಗು ಆದಾಗ ಹೇಳಿಕಳಿಸಪ್ಪ, ಬರ್ತೀನಿ ಅಂದಿದ್ದರು. ಅವರಿಗೆ ಎದೆ ನೋವು ಬಂದ ದಿನ ನಾನೇ ಅದೇ ಕಾರಿನಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬ್ಲೋವರ್ ಹಾಕಪ್ಪ, ಸದ್ದು ಕೇಳ್ಬೇಕು ಅಂದರು. ಅದನ್ನೇ ಕೇಳುತ್ತಾ ಹೋದರು. ವಾಪಸ್ಸು ಬರಲಿಲ್ಲ.

ಶುಕ್ರವಾರ ಸಾಯಂಕಾಲದ ಬಸ್ಸಿಗೆ ಗೌರಿಬಿದನೂರಿನಿಂದ ಬೀಗರು ಬಂದರು. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು, ಮುದ್ದೆ, ಅವರೆಕಾಳಿನ ಸಾರು, ಪಾಯಸ. ಬೀಗರಿಗೆ ಇಷ್ಟು ವರ್ಷ ಹೇಳದೆ ಇದ್ದ ಕೀಲಿಯ ಕಥೆಯನ್ನು ಸಂತೋಷ ತಡೆಯಲಾರದೆ ಹೇಳಿಬಿಟ್ಟೆ. ಅವರ ಕೈಯ ಮುದ್ದೆ ಹಾಗೇ ನಿಂತಿತು.

"ಅವತ್ತು ಆ ಕೀಲಿ ವಾಪಸ್ ಬರದೆ ಇದ್ದಿದ್ರೆ ನಾನು ಈ ಸಂಬಂಧ ಬಿಡ್ತಿದ್ದೆ ಬೀಗ್ರೇ, ನಿಜ ಹೇಳ್ತೀನಿ," ಅಂದರು.

ಅಷ್ಟರಲ್ಲಿ ಕೋಣೆಯ ಒಳಗಿನಿಂದ ಮಗು ಅಳೋಕೆ ಶುರು ಮಾಡಿತು. ಬೀಗರು ಆ ಕಡೆ ತಿರುಗಿ, ಸ್ವಲ್ಪ ಹೊತ್ತು ಕೇಳಿ, ಮೆಲ್ಲಗೆ ನಕ್ಕರು. ಆಮೇಲೆ ತಮ್ಮ ತಟ್ಟೆ ಮುಂದಕ್ಕೆ ತಳ್ಳಿ, ಇನ್ನೊಂದು ಮುದ್ದೆ ಹಾಕಿಸಿಕೊಂಡರು. ನಾನೂ ಹಾಕಿಸಿಕೊಂಡೆ.