ಅಮ್ಮನ ಓಲೆ, ಸ್ಪೇನಿನ ಓಲೇ

“ಸರ್ಟಿಫಿಕೇಟು ಕಾಣೋ ಮನೆಯೇನೋ ನಮ್ದು?” ಎಂದಿದ್ದವರು ದೊಡ್ಡಪ್ಪ. ಮನೆಗೆ ಮೊದಲ ಡಿಗ್ರಿ ತಂದು ಅವರ ಬಾಯಿ ಮುಚ್ಚಿಸಿದೆ. ತನ್ನ ಹೆಸರಿನದೂ ಒಂದು ಸರ್ಟಿಫಿಕೇಟು ಇರಲಿ ಎಂಬ ಆಸೆ ಅಮ್ಮನಿಗೆ ಉಳಿದೇ ಇತ್ತು.

ಕೊರೊನಾ ಬಂದು ನಮ್ಮ ಬಾರ್ಸಿಲೋನಾ ಪ್ರವಾಸ ರದ್ದಾಯಿತು. ಜಪಾನಿನ ಕಾವಾಸಾಕಿಯ ನನ್ನ ಮನೆಯಲ್ಲೇ ಸಿಕ್ಕಿಬಿದ್ದ ಅಮ್ಮನನ್ನು ಜಪಾನಿನವರೇ ಕಟ್ಟಿಕೊಂಡ ಸ್ಪೇನ್ ಪಾರ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಸ್ಪೇನಿನ ಕುಣಿತದ ಪಾಠ. ಸರಿಯಾಗಿ ಕುಣಿದವರಿಗೆ ಸರ್ಟಿಫಿಕೇಟು.

ಟೀಚರ್ ಯುಕಿ ಸಾನ್ ಕೈಯೆತ್ತಿ “ಓಲೇ!” ಎಂದು ಸ್ಪೇನಿನವರ ಶಭಾಷ್ ಕೂಗು ಹಾಕಿದರು. ಅಮ್ಮ ಎರಡೂ ಕಿವಿ ಹಿಡಿದುಕೊಂಡಳು.

“ಅಯ್ಯೋ, ಮಾಸ್ಕಿನ ದಾರಕ್ಕೆ ಸಿಕ್ಕಿ ಓಲೆ ಬಿತ್ತೇನೋ?”

ಸರ್ಟಿಫಿಕೇಟು ಕೈತಪ್ಪಿತು ಎಂದುಕೊಂಡೆ. ಹಿಂದಿದ್ದವರು ಇದೂ ಕುಣಿತವೇ ಎಂದು ಸಾಲಾಗಿ ಕಿವಿ ಹಿಡಿದು ನಿಂತರು. ಟೀಚರ್ ನಗುತ್ತಾ ತಲೆಬಾಗಿ ಮೊದಲ ಸರ್ಟಿಫಿಕೇಟನ್ನು ಅಮ್ಮನಿಗೇ ಕೊಟ್ಟರು.

“ನಿಮ್ಮ ದೊಡ್ಡಪ್ಪಂಗೆ ಫೋಟೋ ಕಳ್ಸೋ,” ಎಂದಳು ಅಮ್ಮ. “ನೀನು ವರ್ಷಗಟ್ಟಲೆ ಓದಿದೆ. ನಾನು ಕಿವಿ ಹಿಡ್ಕೊಂಡೇ ಪಾಸಾದೆ!”