ಅನ್ನನಾಳವೂ ಒಂದು ತುತ್ತು ಮುದ್ದೆಯೂ

ನನಗೂ ಒಂದು ಅನ್ನನಾಳವಿದೆ ಎಂದು ನನಗೆ ತಿಳಿದದ್ದು ಹೆಣ್ಣು ನೋಡಲು ಹೋದ ದಿನ. ಅದಕ್ಕೆ ಮುಂಚೆ ಮಕ್ಕಳಿಗೆ ಪಾಠ ಹೇಳುವಾಗ ಅದರ ಹೆಸರನ್ನು ಕರಿಹಲಗೆಯ ಮೇಲೆ ಬರೆದದ್ದುಂಟು, ಅಷ್ಟೆ. ಪಾಪ, ಅದನ್ನು ಕೇಳುವವರೇ ಇಲ್ಲ. ಕವಿಗಳು ಕೊರಳನ್ನು ಶಂಖವೆಂದು ಹೊಗಳಿ, ಅಲ್ಲಿಂದ ಒಂದೇ ನೆಗೆತಕ್ಕೆ ನಡುವಿಗೆ ಹೋಗಿಬಿಡುತ್ತಾರೆ. ಒಳಗೆ ದುಡಿಯುವ ಕೊಳವೆಗೆ ಅರ್ಧ ಪದ್ಯವೂ ಇಲ್ಲ.

ಆಗ ಯುದ್ಧದ ಕಾಲ. ನಾನು ಮಳವಳ್ಳಿಯಲ್ಲಿ ಮೇಷ್ಟ್ರು. ಕಲ್ಲು ತಿಂದು ಕರಗಿಸುವ ವಯಸ್ಸು. ಮದ್ದೂರಿನ ಪಕ್ಕದ ಹಳ್ಳಿಯ ಗೌಡರೊಬ್ಬರ ಮಗಳನ್ನು ನೋಡಲು ಸೋದರಮಾವನ ಜೊತೆ ಪೆಟ್ರೋಲು ಸಿಗದೆ ಇದ್ದಿಲೊಲೆ ಕಟ್ಟಿಕೊಂಡು ಓಡುತ್ತಿದ್ದ ಬಸ್ಸು ಹತ್ತಿದೆ. ಹಿಂದಿನ ವಾರ ಸ್ವಲ್ಪ ಜ್ವರ ಬಂದು ತುಟಿಯ ಮೇಲೆ ಗುಳ್ಳೆ ಎದ್ದಿದ್ದವು. ಅಂದು ಬೆಳಿಗ್ಗೆಯಿಂದ ನೀರು ಕುಡಿದರೂ ಎದೆಯ ನಡುವೆ ಉರಿ. ಹೆಣ್ಣು ನೋಡುವ ಸಂಭ್ರಮದಲ್ಲಿ ಇದನ್ನೆಲ್ಲ ಯಾರು ಲೆಕ್ಕಕ್ಕಿಡುತ್ತಾರೆ?

ಹುಡುಗಿಯನ್ನು ಕಂಡೆ. ಅಬ್ಬಾ, ಆ ಕಣ್ಣುಗಳು! ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಆಮೇಲೆ ಎಲೆ ಹಾಕಿ, ಬಿಸಿ ರಾಗಿಮುದ್ದೆಗೆ ಅವರೆಕಾಳಿನ ಸಾರು ಬಡಿಸಿದರು. ನಮ್ಮ ಸೀಮೆಯಲ್ಲಿ ಮುದ್ದೆಯನ್ನು (ಹಳ್ಳಿಯವರ ಬಾಯಲ್ಲಿ ಅದು ‘ಇಟ್ಟು’) ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಅಗಿದವನು ಪರಸ್ಥಳದವನು, ಇಲ್ಲವೇ ರೋಗಿಷ್ಠ. ಹುಮ್ಮಸ್ಸಿನಲ್ಲಿ ದೊಡ್ಡ ತುತ್ತನ್ನೇ ಇಳಿಸಿಬಿಟ್ಟೆ. ಅದು ಎದೆಯ ನಡುವೆ ನಿಂತು, ಬಸ್ಸಿನ ಇದ್ದಿಲೊಲೆಯನ್ನೇ ನುಂಗಿದಂತೆ ಉರಿಯಿತು. ಕಣ್ಣಲ್ಲಿ ಧಾರಾಕಾರ ನೀರು. ಎರಡನೆಯ ತುತ್ತನ್ನು, ಹೇಳಲು ನಾಚಿಕೆ, ಅಗಿದೆ.

ಗೌಡರು ಕೈ ತೊಳೆದು ಮಾವನ ಕಡೆ ತಿರುಗಿದರು. “ಇಟ್ಟು ನುಂಗಕ್ಕಾಗ್ದೋನು ಬಾಳಾಟ ಎಂಗ್ ಮಾಡಾನು? ಒಳ್ಗೇನೋ ಕಾಯ್ಲೆ ಅದೆ. ಮಗ್ಳ ಕೊಡಕ್ಕಾಗಕ್ಕಿಲ್ಲ ಕಣಯ್ಯ.”

ಮಾವ ನನ್ನ ಜ್ವರದ ಕತೆ ತೆಗೆಯುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಹುಡುಗಿಯೇ ಹೇಳಿದಳು: “ಬಂದಿದ್ ಕಾಯ್ಲೆ ಓಯ್ತದೆ ಬುಡಪ್ಪ. ಇನ್ನೊಂದ್ ಕಿತ ಕರ್ದು ಉಣ್ಣಕ್ಕಿಕ್ಕು.”

ಮಗಳ ಮಾತಿಗೆ ಗೌಡರು ಗೊಣಗುತ್ತಲೇ ಒಪ್ಪಿದರು.

ಮದ್ದೂರಿನ ಡಾಕ್ಟರು ಬಾಯಿ ತೆರೆಸಿ, ಟಾರ್ಚು ಬಿಟ್ಟು, “ಏನೂ ಕಾಣದು” ಎಂದರು. ಕಾಣುವುದೆಲ್ಲಿಂದ? ನೋವಿದ್ದದ್ದು ಬೆಳಕು ಮುಟ್ಟದ ಕಡೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ವೈರಸ್ಸೇ ಒಮ್ಮೊಮ್ಮೆ ಅನ್ನನಾಳಕ್ಕೂ ಇಳಿದು ಹುಣ್ಣು ಮಾಡುತ್ತದಂತೆ, ಗಟ್ಟಿಮುಟ್ಟಾದವರನ್ನೂ ಬಿಡುವುದಿಲ್ಲವಂತೆ, ಅಂಥವರಲ್ಲಿ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದಂತೆ. ಡಾಕ್ಟರಾಗಿರುವ ಮೊಮ್ಮಗ ಈಚೆಗೆ ಹೇಳಿದ್ದು. ಆಗ ನಾನು ಮಾಡಿದ್ದಿಷ್ಟೆ: ತಣ್ಣನೆಯ ಹಾಲು, ಗಂಜಿ ಕುಡಿಯುತ್ತ, ಹೊತ್ತು ಹೊತ್ತಿಗೂ ಎಂಜಲು ನುಂಗಿ ಪರೀಕ್ಷಿಸಿಕೊಳ್ಳುತ್ತಿದ್ದೆ.

ಎರಡು ವಾರವಾಗಿರಬಹುದು, ಒಂದು ಬೆಳಿಗ್ಗೆ ನೋವೇ ಇಲ್ಲ. ಕುಣಿದಾಡುವಂತಾಯಿತು. ಗೌಡರ ಮನೆಗೆ ಓಡಿದೆ. ಮುದ್ದೆ ಎಷ್ಟು ಸಲೀಸಾಗಿ ಇಳಿಯಿತು ಅಂತೀರಿ! ಗೌಡರು ಕಣ್ಣು ಮಿಟುಕಿಸದೆ ನೋಡಿ, “ಇನ್ನೊಂದಿಕ್ಕವ್ವ” ಎಂದರು. ಮದುವೆ ನಿಶ್ಚಯವಾಯಿತು.

ಅಂದು ನನ್ನ ಪರ ಯಾಕೆ ಮಾತಾಡಿದೆ ಎಂದು ಮದುವೆಯಾದ ಮೇಲೆ ಹೆಂಡತಿಯನ್ನು ಕೇಳಿದೆ. “ಇಟ್ಟು ನುಂಗೋರು ಊರ್ ತುಂಬ ಅವ್ರೆ. ನೀವು ಕಣ್ಣಲ್ಲಿ ನೀರ್ ಸುರಿಸ್ಕಂಡೂ ಉಗೀನಿಲ್ಲ. ಬಡಿಸ್ದೋರ್ ಮರ್ವಾದೆ ಉಳ್ಸುದ್ರಿ” ಎಂದಳು.

ಹಿಗ್ಗಿ ಹೀರೇಕಾಯಿಯಾದೆ. ನಿಮ್ಮಲ್ಲೇ ಇರಲಿ: ಅಗಿದ ಆ ತುತ್ತನ್ನು ಉಗಿಯಲೆಂದು ಆಗಲೇ ಹಿತ್ತಲಿಗೆ ಏಳುವವನಿದ್ದೆ. ಬಾಗಿಲಿಗೆ ಅಡ್ಡವಾಗಿ ಅವಳು ನಿಂತಿದ್ದಳು. ಆ ಕಣ್ಣುಗಳನ್ನು ದಾಟಿ ಹೋಗುವುದಕ್ಕಿಂತ ನುಂಗುವುದೇ ಸುಲಭವೆನಿಸಿತು.